22 ತಿಂಗಳ ಮಗು, ಹಾಳೆಗೊಂದು ತೀರ್ಪು: ಆಟಿಸಂ ಪರೀಕ್ಷೆಗಳನ್ನು ಎಷ್ಟು ನಂಬೋದು?

ಕುಂದವಾಡ_ಕೆರೆ (ವಿಶೇಷ ಶಿಕ್ಷಕಿ, ದಾವಣಗೆರೆ)

ಒಂದು ಫೈಲ್ ಬಂದಿದೆ, ಒಂದು ಹಾಳೆ ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿಲ್ಲ. ಗಂಡು ಮಗು, 22 ತಿಂಗಳು, ದಿನ ತುಂಬಿ ಹುಟ್ಟಿದ್ದು. ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ, ಅಂಕಗಳು ಇದ್ದ ಹಾಗೇ ಇವೆ.

ಮೊದಲನೆಯದು ಎಂ-ಚಾಟ್-ಆರ್ (ಆಟಿಸಂ ಅನುಮಾನ ಇದೆಯಾ ಅಂತ ತಂದೆತಾಯಿಯನ್ನು ಕೇಳಿ ನೋಡೋ ಪ್ರಶ್ನಾವಳಿ), ಒಟ್ಟು 9. ತಾಯಿ ಹೇಳಿದ್ದಕ್ಕೆ ಟಿಕ್ ಹಾಕಿಕೊಂಡು ಬೇರೆಯವರು ಎಣಿಸಿದ್ದು. ಎರಡನೆಯದು ಒಂದು ಖಾಸಗಿ ಕೇಂದ್ರದ್ದು: ಕಾರ್ಸ್ (ಪರೀಕ್ಷಕರು ಮಗುವಿನ ಲಕ್ಷಣ ನೋಡಿ ಅಂಕ ಹಾಕೋ ಮಾಪನ) 31.5, "ಮೈಲ್ಡ್ ಟು ಮಾಡರೇಟ್ ಆಟಿಸಂ". ಬೇರೇನೂ ಬರೆದಿಲ್ಲ. ಮೂರನೆಯದು ಇನ್ನೊಂದು ಕಡೆಯದು: ಡಿಎಸ್‌ಟಿ (ಬೆಳವಣಿಗೆಯ ಪರೀಕ್ಷೆ) ಮಾಡಿ ಡಿಕ್ಯೂ (ವಯಸ್ಸಿಗೆ ಹೋಲಿಸಿದರೆ ಬೆಳವಣಿಗೆ ಶೇಕಡಾ ಎಷ್ಟು) 68 ಅಂತ ಹಾಕಿ, "ಆಟಿಸಂ ಇಲ್ಲ, ಮಾತು ತಡ. ಮೊಬೈಲ್ ಬಿಡಿಸಿ, 3 ವರ್ಷಕ್ಕೆ ಕರೆತನ್ನಿ" ಎಂದಿದ್ದಾರೆ. ಜತೆಗೆ ಒಂದು ಓಎಇ (ಕಿವಿ ಪರೀಕ್ಷೆ) ಚೀಟಿ, ಎರಡೂ ಕಿವಿ "ಪಾಸ್".

ಮಾತು ನಾಲ್ಕೈದು ಬಂದಿತ್ತು, 18 ತಿಂಗಳಾದ ಮೇಲೆ ಅದರಲ್ಲಿ ಎರಡು ನಿಂತುಹೋಗಿವೆ. ಬೇಕಾದ್ದಕ್ಕೆ ದೊಡ್ಡವರ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಮನೆಯಲ್ಲಿ ಅಜ್ಜಿಯದು "ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಅನ್ನೋ ವಾದ.

ಎರಡು ವರ್ಷದೊಳಗೆ ಈ ಪರೀಕ್ಷೆಗಳು ನಿಜಕ್ಕೂ ಎಷ್ಟು ಸರಿ? ಬೆಂಗಳೂರಿಗೆ ಹೋಗಿ ಅಡಾಸ್ (ಮಗುವನ್ನು ಆಡಿಸುತ್ತಾ ನೋಡೋ ಆಟಿಸಂ ಪರೀಕ್ಷೆ) ಮಾಡಿಸಿದರೆ ಗೊಂದಲ ಮುಗಿಯುತ್ತಾ? ಅಲ್ಲೀವರೆಗೆ ತಂದೆತಾಯಿಗೆ ಏನು ಹೇಳಲಿ?


ಚಂದ್ರವಳ್ಳಿ_ಬಂಡೆ (ಕ್ಲಿನಿಕಲ್ ಸೈಕಾಲಜಿಸ್ಟ್, ಚಿತ್ರದುರ್ಗ)

ಮೇಡಂ, ಮೊದಲು ಒಂದು ವಿಷಯ. ಬಂದ ಮಾತು ನಿಂತುಹೋಗಿದೆ ಅಂದಮೇಲೆ "3 ವರ್ಷಕ್ಕೆ ತನ್ನಿ" ಅನ್ನೋ ಸಲಹೆಯನ್ನು ಪಕ್ಕಕ್ಕಿಡಿ. ಯಾವ ವಯಸ್ಸಲ್ಲೇ ಆಗಲಿ, ಕಲಿತ ಮಾತು ಅಥವಾ ಒಡನಾಟ ಕಳೆದುಹೋದರೆ ಕಾಯೋ ಹಾಗಿಲ್ಲ. ತಂದೆ ಮೂರು ವರ್ಷಕ್ಕೆ ಮಾತಾಡಿದ್ದು ತಡವಾಗಿ ಬಂದ ಮಾತು, ಬಂದು ಹೋದ ಮಾತಲ್ಲ. ಅಜ್ಜಿಗೆ ಈ ವ್ಯತ್ಯಾಸ ಹೇಳಿ, ಒಪ್ಪುತ್ತಾರೆ.

ಇನ್ನು ಹಾಳೆಗಳಿಗೆ ಬರೋಣ. ಮೂರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಎಂ-ಚಾಟ್ ಬರೀ ಜರಡಿ. ಕಾರ್ಸ್ ಲಕ್ಷಣಗಳ ತೂಕ ಹಾಕೋದು. ಡಿಎಸ್‌ಟಿ ಬೆಳವಣಿಗೆ ಯಾವ ವಯಸ್ಸಿನ ಮಟ್ಟದಲ್ಲಿದೆ ಅಂತ ಹೇಳುತ್ತೆ ಅಷ್ಟೆ. ಆಟಿಸಂ ಇದೆ ಅಥವಾ ಇಲ್ಲ ಅನ್ನೋಕೆ ಅದಕ್ಕೆ ಅಧಿಕಾರವೇ ಇಲ್ಲ. ಡಿಕ್ಯೂ ಕಡಿಮೆ ಇರೋದೂ ಆಟಿಸಂ ಇರೋದೂ ಒಂದೇ ಮಗುವಿನಲ್ಲಿ ಒಟ್ಟಿಗೇ ಆಗಬಹುದು.

ಎಂ-ಚಾಟ್-ಆರ್ ಹಾಳೆಯನ್ನು ನೀವೇ ಇನ್ನೊಮ್ಮೆ ಎಣಿಸಿ. 16ರಿಂದ 30 ತಿಂಗಳವರಿಗೆ, 20 ಪ್ರಶ್ನೆ. 17 ಪ್ರಶ್ನೆಗೆ "ಇಲ್ಲ" ಅಂದರೆ ಒಂದು ಅಂಕ. 2, 5, 12 ಮಾತ್ರ ಉಲ್ಟಾ: ಕಿವುಡೇನೋ ಅನ್ನೋ ಅನುಮಾನ, ಕಣ್ಣಿನ ಹತ್ತಿರ ಬೆರಳಾಡಿಸೋದು, ದಿನನಿತ್ಯದ ಸದ್ದಿಗೆ ಕಿರಿಕಿರಿ. ಇವಕ್ಕೆ "ಹೌದು" ಅಂದರೆ ಅಂಕ. ಅವಸರದಲ್ಲಿ ಎಣಿಸುವವರು ಎಡವೋದು ಇಲ್ಲೇ. ಎಲ್ಲಾ "ಇಲ್ಲ"ಗಳನ್ನೂ ಕೂಡಿಬಿಟ್ಟರೆ ಸರಿಯಿರೋ ಮಗುವಿಗೂ 3 ಅಂಕ ಪುಕ್ಕಟೆ. 0–2 ಕಡಿಮೆ ಅಪಾಯ. 3–7 ಬಂದರೆ ಎರಡನೇ ಹಂತದ ಸಂದರ್ಶನ ಮಾಡಲೇಬೇಕು: ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಬಿಡಿಸಿ, ಉದಾಹರಣೆ ಕೇಳಿ ಕೇಳೋದು. ಆಮೇಲೂ 2 ಅಥವಾ ಹೆಚ್ಚು ಉಳಿದರೆ ಪಾಸಿಟಿವ್. 8 ಅಥವಾ ಹೆಚ್ಚು ಬಂದರೆ ಸಂದರ್ಶನಕ್ಕೂ ಕಾಯದೆ ನೇರ ಮೌಲ್ಯಮಾಪನಕ್ಕೆ.

ಆ ಸಂದರ್ಶನ ಮಾಡುವಾಗ ನಮ್ಮ ಭಾಷೆಯೇ ಒಂದು ಬಲೆ. 6ನೇ ಪ್ರಶ್ನೆ ಬೇಕಾದ್ದನ್ನು ಬೆರಳು ಮಾಡಿ ಕೇಳೋದು. 7 ಕಣ್ಣಿಗೆ ಬಿದ್ದ ಸೋಜಿಗವನ್ನು ಬೆರಳು ಮಾಡಿ ನಮ್ಮ ಗಮನಕ್ಕೆ ತರೋದು. 9 ಸಾಮಾನನ್ನು ಕೈಯಲ್ಲಿ ತಂದು, ಬಿಚ್ಚಿಕೊಡಿ ಅಂತಲ್ಲ, ಸುಮ್ಮನೆ ನೀವೂ ನೋಡಲಿ ಅಂತ ಎದುರಿಗೆ ಹಿಡಿಯೋದು. ಕನ್ನಡದಲ್ಲಿ ನಾವು ಮೂರಕ್ಕೂ "ತೋರಿಸ್ತಾನಾ?" ಅಂದುಬಿಡ್ತೀವಿ. ಕೈ ಹಿಡಿದೆಳೆದು ಕಪಾಟಿನ ಮುಂದೆ ನಿಲ್ಲಿಸೋ ಮಗುವಿನ ತಾಯಿ "ಹೂಂ, ತೋರಿಸ್ತಾನಲ್ಲ" ಅಂತಾಳೆ, ಅವಳು ಹೇಳಿದ್ದೂ ಸುಳ್ಳಲ್ಲ. ಅಲ್ಲಿಗೆ ಮೂರು ಅಂಕ ಮಾಯ. ಹಾಗಾಗಿ "ತೋರುಬೆರಳು ಚಾಚಿ, ನಿಮ್ಮ ಮುಖ ನೋಡ್ತಾನಾ? ಕಳೆದ ವಾರ ಯಾವುದಕ್ಕೆ ಮಾಡಿದ?" ಅಂತ ಕೇಳಿ. ನಾಯಿ, ಟ್ರ್ಯಾಕ್ಟರ್, ಚಂದಪ್ಪ ಏನೋ ಒಂದು ಉದಾಹರಣೆ ಬರಬೇಕು. ಬರದಿದ್ದರೆ "ಇಲ್ಲ".

ಕಾರ್ಸ್ ವಿಚಾರ. ಈಗಿನ ಕಾರ್ಸ್-2 ಮಾಡಿರೋದು 2 ವರ್ಷ ಮತ್ತು ಮೇಲಿನವರಿಗೆ. 22 ತಿಂಗಳಿಗೆ ಹಾಕಿದ್ದೇ ವಯಸ್ಸಿನ ಗಡಿ ದಾಟಿದಂತೆ. 15 ಐಟಂ, ಪ್ರತಿಯೊಂದಕ್ಕೆ 1ರಿಂದ 4, ಅರ್ಧರ್ಧ ಅಂಕದ ಹೆಜ್ಜೆ, 30ಕ್ಕೆ ಗಡಿ. 31.5 ಅಂದರೆ ನಾಲ್ಕೇ ನಾಲ್ಕು ಐಟಂನಲ್ಲಿ ಇನ್ನೊಬ್ಬರು ಅರ್ಧ ಅಂಕ ಕಡಿಮೆ ಹಾಕಿದ್ದರೆ 29.5, "ಆಟಿಸಂ ಇಲ್ಲ". ಗಡಿಯ ಆಚೀಚೆ 2 ಅಂಕದೊಳಗಿನ ಕಾರ್ಸ್ ಫಲಿತಾಂಶವನ್ನು ನಾನು "ಗೊತ್ತಾಗಿಲ್ಲ" ಅಂತಲೇ ಓದೋದು. ಯಾವ ಐಟಂಗೆ ಎಷ್ಟು ಅಂತ ಬರೆಯದೆ ಬರೀ ಒಟ್ಟು ಕೊಟ್ಟ ರಿಪೋರ್ಟ್ ಆದರೆ ಮರುಪರಿಶೀಲಿಸೋಕೂ ದಾರಿಯಿಲ್ಲ. ಐಟಂ ಹಾಳೆ ಕೇಳಿ ಪಡೆಯಿರಿ, ಅದು ತಂದೆತಾಯಿಯ ಹಕ್ಕು.

ಈಗ ಡಿಕ್ಯೂ 68. ಅದನ್ನು ಎಸೆಯಬೇಡಿ, ಬಹಳ ಉಪಯೋಗಕ್ಕೆ ಬರುತ್ತೆ. 22ರ 68 ಶೇಕಡಾ ಅಂದರೆ ಸುಮಾರು 15 ತಿಂಗಳ ಮಟ್ಟ. ಡಿಎಸ್ಎಂ-5 (ಮನೋವೈದ್ಯರು ಬಳಸೋ ರೋಗನಿರ್ಣಯ ಕೈಪಿಡಿ) ಕೇಳೋದು, ಸಾಮಾಜಿಕ ಸಂವಹನವು ಮಗುವಿನ ಒಟ್ಟು ಬೆಳವಣಿಗೆ ಮಟ್ಟಕ್ಕಿಂತಲೂ ಹಿಂದಿದೆಯಾ ಅಂತ. 15 ತಿಂಗಳ ಕೂಸು ಬೆರಳು ಮಾಡುತ್ತೆ, ಹೆಸರು ಕರೆದರೆ ತಿರುಗುತ್ತೆ, ಟಾಟಾ ಮಾಡುತ್ತೆ. ಈ ಮಗು ಇದನ್ನೂ ಮಾಡದಿದ್ದರೆ "ಬರೀ ಮಾತು ತಡ" ಅನ್ನೋ ವಿವರಣೆ ಸಾಲದು. ಮಾತು ಮಾತ್ರ ತಡವಾದ ಮಗು ಕೈಸನ್ನೆ ಕಣ್ಸನ್ನೆಯಲ್ಲಿ ಮನೆಯವರನ್ನೆಲ್ಲಾ ಆಡಿಸುತ್ತೆ. ಮಾತಿಲ್ಲದಿದ್ದರೂ ಅದರ ಜತೆ ಸಂಭಾಷಣೆ ನಡೆಯುತ್ತಿರುತ್ತೆ.

ಮೊಬೈಲ್ ಬಗ್ಗೆ: ಬಿಡಿಸಲಿ, ಒಳ್ಳೆಯದೇ. ಆದರೆ ಮೊಬೈಲ್ ನೋಡಿ ಬಂತು ಅಂತ ಹೇಳೋ "ವರ್ಚುವಲ್ ಆಟಿಸಂ" ಅನ್ನೋ ಹೆಸರು ಡಿಎಸ್ಎಂ-5ರಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿ-11ರಲ್ಲೂ ಇಲ್ಲ. ಮೊಬೈಲ್ ಬಿಡಿಸೋದೂ ಮೌಲ್ಯಮಾಪನವೂ ಒಟ್ಟಿಗೇ ಸಾಗಲಿ.


ಕಿವಿಮಾತು (ಆಡಿಯಾಲಜಿ ಮತ್ತು ಸ್ಪೀಚ್, ದಾವಣಗೆರೆ)

ಮೇಲಿನವರು ಹೇಳಿದ್ದಕ್ಕೆ ನನ್ನದು ಕಿವಿ ಭಾಗದ ಸೇರ್ಪಡೆ. ಓಎಇ ಪಾಸ್ ಅಂದರೆ ಒಳಗಿವಿಯ ಹೊರಸಾಲಿನ ರೋಮಕೋಶಗಳು ಕೆಲಸ ಮಾಡ್ತಿವೆ ಅಂತ, ಅಷ್ಟೇ. ಅಲ್ಲಿಂದ ನರದಲ್ಲಿ ಮೆದುಳಿಗೆ ಸದ್ದು ತಲುಪಿತಾ ಅಂತ ಓಎಇ ನೋಡೋದಿಲ್ಲ. ಆಡಿಟರಿ ನ್ಯೂರೋಪತಿ (ಆ ನರದ ದಾರಿಯ ತೊಂದರೆ) ಇರೋ ಮಗುವಿಗೆ ಓಎಇ ಪಾಸ್ ಆಗುತ್ತೆ, ಬೆರಾದಲ್ಲಿ (ಸದ್ದಿಗೆ ಆ ನರ ಸ್ಪಂದಿಸೋದನ್ನು ಅಳೆಯೋ ಪರೀಕ್ಷೆ) ಅಲೆಗಳೇ ಸಿಗೋದಿಲ್ಲ. ಹುಟ್ಟಿದಾಗ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ರಕ್ತ ಬದಲಿಸೋ ಮಟ್ಟದ ಕಾಮಾಲೆ, ಉಸಿರು ಕಟ್ಟಿದ್ದು ಏನಾದರೂ ಇತ್ತಾ ಕೇಳಿ. ಮಾತು ಹಿಂದಿರೋ ಮಗುವಿಗೆ ಬೆರಾ ಮತ್ತು ಟಿಂಪನೋಮೆಟ್ರಿ (ನಡುಗಿವಿಯ ಪರೀಕ್ಷೆ) ಎರಡೂ ಆಗಿರಬೇಕು ಅನ್ನೋದು ನನ್ನ ಪಟ್ಟು.

"ಬಿಸ್ಕತ್ ಪೊಟ್ಟಣದ ಸದ್ದಿಗೆ ಅಡುಗೆಮನೆಯಿಂದ ಓಡಿಬರ್ತಾನೆ ಮೇಡಂ, ಕಿವಿ ಸರಿಯಿದೆ" ಅಂತಾರೆ. ಪೊಟ್ಟಣದ ಚರಪರ ಹೆಚ್ಚು ಆವರ್ತನದ ಸದ್ದು. ಅದು ಕೇಳಿಸಿತು ಅಂದಮಾತ್ರಕ್ಕೆ ಮಾತಿನ ಎಲ್ಲಾ ಧ್ವನಿ ಕೇಳಿಸುತ್ತೆ ಅಂತಲ್ಲ.

ಬೆರಾಗೆ ಮಗು ಮಲಗಿರಬೇಕು, ಟ್ರೈಕ್ಲೋಫಾಸ್ ಸಿರಪ್ ಕೊಟ್ಟು ಮಲಗಿಸೋದು ರೂಢಿ. ಊರಿಂದ ಒಂದೇ ಸಲ ಬಂದು ಮುಗಿಸೋಣ ಅಂತ ಬೆಳಗ್ಗೆ ಬೆರಾ, ಮಧ್ಯಾಹ್ನ ಆಟಿಸಂ ಮೌಲ್ಯಮಾಪನ ಇಟ್ಟುಕೊಳ್ತಾರೆ. ಇದು ಶುದ್ಧ ತಪ್ಪು. ಮದ್ದಿನ ಮಂಪರು ಬಿಟ್ಟಿರೋದಿಲ್ಲ; ಕಣ್ಣು ಸೇರಿಸೋದಿಲ್ಲ, ನಗೋದಿಲ್ಲ, ಆಟ ಬೇಡ ಅನ್ನುತ್ತೆ, ಎಲ್ಲವೂ ಲಕ್ಷಣ ಅಂತ ದಾಖಲಾಗುತ್ತೆ. ಬೇರೆ ದಿನ ಮಾಡಿ. ಕ್ರಮ ಹೇಳಬೇಕಂದ್ರೆ ಕಿವಿ ಮೊದಲು.

ಹೆಸರು ಕರೆಯೋ ಪರೀಕ್ಷೆಯಲ್ಲೂ ಒಂದು ಎಡವಟ್ಟು ನೋಡ್ರಿ. ಫೈಲಲ್ಲಿ ಜಾತಕದ ಹೆಸರು, ಮನೆಯಲ್ಲಿ ಕರೆಯೋದು ಗುಂಡ, ಪುಟ್ಟ, ಚಿನ್ನಿ. ಪರೀಕ್ಷಕರು ಫೈಲಿನ ಹೆಸರನ್ನು ನಾಲ್ಕು ಸಲ ಕೂಗಿದರೆ ಮಗು ಯಾಕೆ ತಿರುಗುತ್ತೆ? ಹಾಗೇ ಮನೆಮಾತು ಉರ್ದು, ಲಂಬಾಣಿ, ತೆಲುಗು ಆಗಿದ್ದರೆ ಆ ಭಾಷೆಯಲ್ಲೇ ಕರೀಬೇಕು, ಕೇಳಬೇಕು. ಎರಡು ಭಾಷೆ ಕೇಳೋದರಿಂದ ಆಟಿಸಂ ಬರೋದಿಲ್ಲ. ಮನೆಮಾತು ಬಿಡಿಸೋಕೆ ಯಾರೂ ಹೇಳಬೇಡಿ.


ಲೆಕ್ಕ_ತಪ್ಪಬಾರದು (ಸಮುದಾಯ ವೈದ್ಯಶಾಸ್ತ್ರ)

"ಎಷ್ಟು ಸರಿ?" ಅನ್ನೋದಕ್ಕೆ ಅಂಕಿಯಲ್ಲೇ ಉತ್ತರ ಕೊಡ್ತೀನಿ. ಶಾಲೆ ಸೇರುವ ಮುಂಚಿನ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ ಅಡಾಸ್‌ನ ಸೂಕ್ಷ್ಮತೆ (ಆಟಿಸಂ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯುತ್ತೆ) 94%, ನಿರ್ದಿಷ್ಟತೆ (ಇಲ್ಲದವರಲ್ಲಿ ಎಷ್ಟು ಜನರಿಗೆ ಸರಿಯಾಗಿ ಇಲ್ಲ ಅನ್ನುತ್ತೆ) 80%. ಕಾರ್ಸ್ 80% ಮತ್ತು 88%. ತಂದೆತಾಯಿಯ ಸಂದರ್ಶನವಾದ ಎಡಿಐ-ಆರ್ 52% ಮತ್ತು 84%. ಅಂದರೆ ಸಣ್ಣ ಮಕ್ಕಳಲ್ಲಿ ಬರೀ ಸಂದರ್ಶನದ ಮೇಲೆ ನಿಂತರೆ ಅರ್ಧದಷ್ಟು ಮಕ್ಕಳು ಕೈತಪ್ಪುತ್ತಾರೆ.

94 ಕೇಳಿ ಖುಷಿಪಡೋ ಮುಂಚೆ ಒಂದು ಲೆಕ್ಕ ಹಾಕಿ. ಊರಿನ 1000 ಮಕ್ಕಳಿಗೆ ಸಾಲಾಗಿ ಅಡಾಸ್ ಮಾಡಿದಿರಿ ಅಂತಿಟ್ಟುಕೊಳ್ಳಿ, 100ಕ್ಕೆ 1ರಂತೆ ಅವರಲ್ಲಿ 10 ಮಕ್ಕಳಿಗೆ ಆಟಿಸಂ. 9 ಜನ ಸಿಗುತ್ತಾರೆ. ಉಳಿದ 990ರಲ್ಲಿ 20%, ಅಂದರೆ 198 ಮಕ್ಕಳಿಗೆ ಸುಳ್ಳು ಪಾಸಿಟಿವ್. ಈಗ ಅದೇ ಪರೀಕ್ಷೆಯನ್ನು, ಎಂ-ಚಾಟ್ ಮತ್ತು ಕಿವಿ ಪರೀಕ್ಷೆ ಎರಡೂ ಮುಗಿಸಿ, ಅರ್ಧದಷ್ಟು ಮಕ್ಕಳಿಗೆ ನಿಜಕ್ಕೂ ಆಟಿಸಂ ಇರುವ 100 ಜನರ ಗುಂಪಿಗೆ ಮಾಡಿ: 47 ನಿಜ, 10 ಸುಳ್ಳು. ಪರೀಕ್ಷೆ ಬದಲಾಗಿಲ್ಲ, ಬಾಗಿಲಿಗೆ ಬಂದವರು ಬದಲಾಗಿದ್ದಾರೆ. ಜರಡಿ ಹಿಡಿಯದೆ ನೇರ ದುಬಾರಿ ಪರೀಕ್ಷೆಗೆ ಓಡೋದು ಯಾಕೆ ಕೆಲಸಕ್ಕೆ ಬರೋದಿಲ್ಲ ಅಂದರೆ ಇದಕ್ಕೇ.

ಎಂ-ಚಾಟ್‌ಗೂ ಇದೇ ಮಾತು. 2014ರಲ್ಲಿ 16,000ಕ್ಕೂ ಹೆಚ್ಚು ಮಕ್ಕಳ ಮೇಲೆ, ಎರಡನೇ ಸಂದರ್ಶನ ಸರಿಯಾಗಿ ಮಾಡಿ ನೋಡಿದಾಗ ಪಾಸಿಟಿವ್ ಬಂದವರಲ್ಲಿ 47.5% ಆಟಿಸಂ, ಆದರೆ 94.6% ಮಕ್ಕಳಿಗೆ ಏನಾದರೊಂದು ಬೆಳವಣಿಗೆಯ ತೊಂದರೆ ಇತ್ತು. "ಸುಳ್ಳು ಗಂಟೆ" ಅಂತ ತಳ್ಳಿಹಾಕಬೇಡಿ. 2019ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆ ಜಾಲದ ದಿನನಿತ್ಯದ ಕ್ಲಿನಿಕ್‌ಗಳಲ್ಲಿ ನೋಡಿದಾಗ ಸೂಕ್ಷ್ಮತೆ 38.8%ಕ್ಕೆ ಇಳಿದಿತ್ತು, ಪಾಸಿಟಿವ್ ಬಂದವರಲ್ಲಿ ಆಟಿಸಂ 14.6% ಮಾತ್ರ. ಅಲ್ಲಿ ಎಷ್ಟೋ ಮಕ್ಕಳಿಗೆ ಆ ಎರಡನೇ ಸಂದರ್ಶನವೇ ಆಗಿರಲಿಲ್ಲ. ಹಾಗಾಗಿ ಎಂ-ಚಾಟ್ ನೆಗೆಟಿವ್ ಬಂದರೂ ತಾಯಿಗೆ ಅನುಮಾನ ಇದ್ದರೆ ಮುಂದಕ್ಕೆ ಕಳಿಸಿ.

ವಯಸ್ಸಿನ ಪ್ರಶ್ನೆ: 2019ರಲ್ಲೇ 1,269 ಮಕ್ಕಳನ್ನು ಮತ್ತೆ ಮತ್ತೆ ನೋಡಿದ ಅಧ್ಯಯನದಲ್ಲಿ 12–13 ತಿಂಗಳಿಗೆ ಹೇಳಿದ ಆಟಿಸಂ ಅರ್ಧದಷ್ಟು ಮಕ್ಕಳಲ್ಲಿ ಮಾತ್ರ ಉಳಿಯಿತು; 14 ತಿಂಗಳಿಗೆ 79%, 16ಕ್ಕೆ 83%. 22 ತಿಂಗಳು "ತೀರಾ ಚಿಕ್ಕದು" ಅನ್ನೋ ಮಾತಿಗೆ ಆಧಾರವಿಲ್ಲ. ಅದರ ಇನ್ನೊಂದು ಮುಖವನ್ನೂ ನೋಡಿ: ಕೊನೆಗೆ ಆಟಿಸಂ ಅಂತಾದ ಮಕ್ಕಳಲ್ಲಿ ಸುಮಾರು 24% ಮೊದಲ ಭೇಟಿಯಲ್ಲಿ ಸಿಕ್ಕಿರಲಿಲ್ಲ. "ಇಲ್ಲ" ಅನ್ನೋ ರಿಪೋರ್ಟಿಗೂ ಮರುಪರೀಕ್ಷೆಯ ತಾರೀಕು ಬೇಕು.


ಕುಂದವಾಡ_ಕೆರೆ

ಎಲ್ಲರಿಗೂ ಧನ್ಯವಾದ. ಹಾಳೆ ಮರು ಎಣಿಸಿದೆ. 2, 5, 12 ಮೂರಕ್ಕೂ ತಾಯಿ "ಇಲ್ಲ" ಅಂದಿದ್ದಾರೆ, ಮೂರನ್ನೂ ಅಂಕ ಅಂತ ಕೂಡಿದ್ದಾರೆ! ನಿಜವಾದ ಒಟ್ಟು 6. ಆಮೇಲೆ ತಾಯಿಯನ್ನು ಕೂರಿಸಿಕೊಂಡು ಉದಾಹರಣೆ ಕೇಳಿ ಸಂದರ್ಶನ ಮಾಡಿದೆ. ಎರಡು ಬಿಟ್ಟುಹೋದವು, 4 ಉಳಿದವು. ಅದರಲ್ಲಿ 7 ಮತ್ತು 9 ಇವೆ. 6ಕ್ಕೆ ಮೊದಲು "ಹೌದು" ಅಂದಿದ್ದರು, ಬೆರಳು ಅಂದಾಗ ಯೋಚಿಸಿ "ಇಲ್ಲ, ಕೈ ಹಿಡಿದೇ ಎಳೆಯೋದು" ಅಂದರು. ಅದನ್ನು ಸೇರಿಸಬೇಕಾ?


ಚಂದ್ರವಳ್ಳಿ_ಬಂಡೆ

ನಿಯಮದ ಪ್ರಕಾರ ಸಂದರ್ಶನ ಮೊದಲು ಅಂಕ ಬಿದ್ದ ಪ್ರಶ್ನೆಗಳಿಗೆ ಮಾತ್ರ, ಆದ್ದರಿಂದ ಅಂಕ 4 ಅಂತಲೇ ಬರೆಯಿರಿ. 6ರ ವಿಷಯ ಪಕ್ಕದಲ್ಲಿ ಷರಾ ಹಾಕಿ. 2 ದಾಟಿದೆಯಲ್ಲ, ದಾರಿ ಬದಲಾಗೋದಿಲ್ಲ. ಎಣಿಕೆ ತಪ್ಪಾಗಿತ್ತು, ಆದರೂ ಗಂಟೆ ಹೊಡೆದದ್ದು ಸರಿಯೇ.

ಅಡಾಸ್-2 ಬಗ್ಗೆ ಕೇಳಿದ್ರಿ. 12ರಿಂದ 30 ತಿಂಗಳವರಿಗೆ ಟಾಡ್ಲರ್ ಮಾಡ್ಯೂಲ್ ಅಂತ ಬೇರೆಯೇ ಇದೆ. ಮಗು ತಾನಾಗಿ ನಡೆಯಬೇಕು, ಮಾತು ಬಿಟ್ಟು ಉಳಿದ ಬೆಳವಣಿಗೆ ಕನಿಷ್ಠ 12 ತಿಂಗಳ ಮಟ್ಟದಲ್ಲಿರಬೇಕು. ಈ ಮಗು ಅಷ್ಟರಲ್ಲಿ ಬರುತ್ತೆ. ಇದರಲ್ಲಿ "ಆಟಿಸಂ ಇದೆ, ಇಲ್ಲ" ಅನ್ನೋ ಗೆರೆ ಎಳೆಯೋದಿಲ್ಲ. ಕಳವಳ ಇಲ್ಲ ಅಥವಾ ಅತ್ಯಲ್ಪ, ಅಲ್ಪದಿಂದ ಮಧ್ಯಮ, ಮಧ್ಯಮದಿಂದ ತೀವ್ರ ಅಂತ ಮೂರು ಹಂತ ಕೊಡ್ತಾರೆ. 22 ತಿಂಗಳ ಮಗುವಿಗೆ ಮಾಡ್ಯೂಲ್ 1 ಹಾಕಿ "ಆಟಿಸಂ" ಅಂತ ಮುದ್ರೆ ಒತ್ತಿದ್ದರೆ ಮಾಡ್ಯೂಲ್ ಆಯ್ಕೆಯೇ ತಪ್ಪು.

ಅದರ ಆಟಗಳಲ್ಲಿ ಗೊಂಬೆಗೆ ಸ್ನಾನ ಮಾಡಿಸೋದು ಒಂದಿದೆ, ಪುಟ್ಟ ಟಬ್ಬು ಇಟ್ಟು. ನಮ್ಮ ಕಡೆ ಕೂಸಿಗೆ ಅಜ್ಜಿ ಕಾಲು ಚಾಚಿ ಮಲಗಿಸಿಕೊಂಡು ಚೊಂಬಿನಲ್ಲಿ ನೀರು ಹುಯ್ಯೋದು. ಟಬ್ಬು ಕಂಡು ಮಗು ಬೆಪ್ಪಾದರೆ ಅದು ಕಲ್ಪನೆಯ ಆಟ ಬಾರದ್ದರ ಗುರುತಲ್ಲ. ಅನುಭವಿ ಪರೀಕ್ಷಕರು ಇದನ್ನು ತೂಗಿ ನೋಡ್ತಾರೆ, ಹೊಸಬರು ನೋಡೋದಿಲ್ಲ. ಪರೀಕ್ಷೆಯ ಬೆಲೆ ಅದನ್ನು ಮಾಡೋ ಕಣ್ಣಿನದು. ಬೆಂಗಳೂರಿಗೆ ಹೋಗಲೇಬೇಕು ಅಂತೇನಿಲ್ಲ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದ ಚೀಟಿಯಿಂದ ಡಿಇಐಸಿ (ಬೆಳವಣಿಗೆ ತೊಂದರೆಗೆ ಬೇಗ ನೆರವಾಗೋ ಜಿಲ್ಲಾ ಕೇಂದ್ರ) ದಾರಿ ಇದೆ. ಅಲ್ಲಿನ ಇಬ್ಬರು ಬೇರೆಬೇರೆಯಾಗಿ ನೋಡಿ ಒಂದೇ ಮಾತು ಹೇಳಿದರೆ ಸಾಕು. ಹೇಳದಿದ್ದಾಗ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮಾತು-ಕಿವಿಗೆ ಮೈಸೂರಿನ ಆಯಿಷ್. ನಮ್ಮ ದೇಶದಲ್ಲೇ ರೂಪಿಸಿದ ಐಎನ್‌ಡಿಟಿ-ಎಎಸ್‌ಡಿ ಅನ್ನೋ ಆಟಿಸಂ ಪರೀಕ್ಷೆಯೂ ಇದೆ, ಅದು 2ರಿಂದ 9 ವರ್ಷಕ್ಕೆ. ಇನ್ನೆರಡು ತಿಂಗಳಲ್ಲಿ ಈ ಮಗು ಅದಕ್ಕೂ ಬರುತ್ತೆ.

ಯಾರಾದರೂ ಐಸಾ ಮಾಡಿಸಿ ಅಂದರೆ ಈಗಲೇ ಬೇಡ. 40 ಐಟಂ, 70 ಅಥವಾ ಹೆಚ್ಚು ಬಂದರೆ ಆಟಿಸಂ ಅನ್ನೋ ಆ ಮಾಪನ ಅಂಗವಿಕಲತೆಯ ಪ್ರಮಾಣ ಪತ್ರಕ್ಕೆ ಬೇಕಾಗುತ್ತೆ. ಸಂಭಾಷಣೆ ಮುಂದುವರಿಸೋದು, ನಾನು-ನೀನು ಅದಲುಬದಲಾಗೋದು ಇವೆಲ್ಲ ಅದರಲ್ಲಿವೆ. 22 ತಿಂಗಳ ಯಾವ ಮಗು ಸಂಭಾಷಣೆ ಮುಂದುವರಿಸುತ್ತೆ ಹೇಳಿ. ಎಂಆರ್‌ಐ, "ಬ್ರೇನ್ ಮ್ಯಾಪಿಂಗ್" ಯಾವುದೂ ಆಟಿಸಂ ಹೇಳೋದಿಲ್ಲ. ಇಇಜಿಯೂ ಅಷ್ಟೆ, ಆದರೆ ಮಾತು ಕಳೆದಿರೋದರಿಂದ ಮಕ್ಕಳ ನರರೋಗ ತಜ್ಞರು ಬೇಕೆಂದರೆ ಮಾಡಿಸಿ. ಅದು ಫಿಟ್ಸ್ ಹುಡುಕೋಕೆ.

ಹೋಗುವ ಮುಂಚೆ ಮನೆಯಲ್ಲಿ ಎರಡೆರಡು ನಿಮಿಷದ ನಾಲ್ಕು ವಿಡಿಯೋ ಮಾಡಿಸಿಕೊಳ್ಳಿ: ಊಟ, ಬೇರೆ ಮಕ್ಕಳ ಜತೆ, ಹಿಂದಿನಿಂದ ಹೆಸರು ಕರೆದದ್ದು, ಕೊನೆಯದು ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿ ಮಂಡಕ್ಕಿ ಹಾಕಿ ಕೈಗೆ ಕೊಟ್ಟಿದ್ದು. ಡಬ್ಬಿ ಕೊಟ್ಟು ತಾಯಿ ಸುಮ್ಮನೆ ಕೂರಬೇಕು. ಡಬ್ಬಿಯಿಂದ ತಾಯಿ ಮುಖಕ್ಕೆ, ಮುಖದಿಂದ ಡಬ್ಬಿಗೆ ಕಣ್ಣು ಓಡಾಡುತ್ತಾ, ಅಥವಾ ಅವಳ ಕೈಯನ್ನೊಂದು ಇಕ್ಕಳದ ಹಾಗೆ ತಂದು ಮುಚ್ಚಳದ ಮೇಲಿಡುತ್ತಾ? ಅಪರಿಚಿತ ಕೋಣೆಯಲ್ಲಿ ಹೆದರಿ ಅತ್ತ ಮಗುವಿನ ಬಗ್ಗೆ ರಿಪೋರ್ಟ್ ಹೇಳದ್ದನ್ನು ಇದು ಹೇಳುತ್ತೆ.

ಅಪಾಯಿಂಟ್‌ಮೆಂಟ್‌ಗೆ ಮಗು ನಿದ್ದೆ ಮಾಡಿ ಎದ್ದಿರೋ ಹೊತ್ತು ಕೇಳಿ. ಕೊನೆಗೆ ಬರೋ ರಿಪೋರ್ಟಲ್ಲಿ ಡಿಎಸ್ಎಂ-5ರ ಎ ಗುಂಪಿನ (ಸಾಮಾಜಿಕ ಸಂವಹನ) ಮೂರೂ ಲಕ್ಷಣಕ್ಕೆ, ಬಿ ಗುಂಪಿನ (ಮಾಡಿದ್ದನ್ನೇ ಮಾಡೋ ನಡವಳಿಕೆ, ಸೀಮಿತ ಆಸಕ್ತಿ) ನಾಲ್ಕರಲ್ಲಿ ಕನಿಷ್ಠ ಎರಡಕ್ಕೆ, ಮಗು ನಿಜವಾಗಿ ಮಾಡಿದ್ದೇನು ಅಂತ ಒಂದೊಂದು ಸಾಲು ಇರಬೇಕು. ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಸಹಿಯ ಕೆಳಗಿರಬೇಕು.

ಥೆರಪಿಗೆ ಇವು ಯಾವುದಕ್ಕೂ ಕಾಯಬೇಡಿ. ಡಿಕ್ಯೂ 68, ಮಾತು ನಿಂತಿದೆ, ಬೆರಳು ಇಲ್ಲ. ಹೆಸರು ಏನೇ ಬರಲಿ, ನಾಳೆ ಮಾಡೋ ಕೆಲಸ ಅದೇ: ಎದುರು ಕೂತು ಆಟ, ಸರದಿ ಕಾಯೋದು, ಬೆರಳು ಹಿಡಿದು ಕಲಿಸೋದು.


ಕಿವಿಮಾತು

ಟ್ರೈಕ್ಲೋಫಾಸ್ ಕೊಡೋದಾದರೆ ಆ ದಿನದ ತೂಕ ನೋಡಿ ಡಾಕ್ಟರೇ ಪ್ರಮಾಣ ಬರೀಬೇಕು, ಮನೆಯಲ್ಲೇ ಕುಡಿಸಿಕೊಂಡು ಬಸ್ ಹತ್ತೋದು ಬೇಡ ಅಂತ ಹೇಳಿ. ಶೀತ, ಮೂಗು ಕಟ್ಟಿದ್ದರೆ ಮುಂದೂಡಿ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೆಳಗ್ಗೆ ಬೇಗ ಎಬ್ಬಿಸಿದರೆ ಎಷ್ಟೋ ಮಕ್ಕಳಿಗೆ ಸಿರಪ್ಪೇ ಬೇಕಾಗೋದಿಲ್ಲ.


ಕುಂದವಾಡ_ಕೆರೆ

ಬೆರಾ ಮಂಗಳವಾರ, ಮೌಲ್ಯಮಾಪನ ಅದರ ಮುಂದಿನ ವಾರ ಬೆಳಗ್ಗೆ 11ಕ್ಕೆ ಸಿಕ್ಕಿದೆ. ಡಬ್ಬಿ ಕೊಟ್ಟಿದ್ದೇನೆ, ಮಂಡಕ್ಕಿ ಅವರ ಮನೇಲೇ ಇದೆ. ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಬರೆದೆ: ಮನೆಯಲ್ಲಿ ಕರೆಯೋದು ಪುಟ್ಟಪ್ಪ ಅಂತ.